ಗೋಪುರಕ್ಕೆ ಜಾಮೀನು ನಿಂತ ಗುಡ್ರುನ್

ಜರ್ಮನಿಯ ಕಾರ್ಲ್ಸ್‌ರೂಹೆಯ ಗುಡ್ರುನ್ ರಾಪ್ ಒಂದು ಸಂಖ್ಯೆ ಕೇಳಿದವರಿಗೆ ಎರಡು ಕೊಡುತ್ತಿದ್ದಳು. ಅವಳು ಬರೆದ ತಂತ್ರಾಂಶದ ಕುಲಧರ್ಮವೇ ಅದು: ಇದಕ್ಕಿಂತ ಕಡಿಮೆಯಿಲ್ಲ, ಅದಕ್ಕಿಂತ ಹೆಚ್ಚಿಲ್ಲ, ಸತ್ಯ ನಡುವೆ ಎಲ್ಲೋ ಇದೆ, ಬೇಕಾದರೆ ಆಣೆ. ಬೇಕರಿಯವನ ಮಗಳು, ಯಾವ ಎರಡು ಬ್ರೆಡ್ಡೂ ಒಂದೇ ತೂಗುವುದಿಲ್ಲವೆಂದು ತೊಟ್ಟಿಲಲ್ಲೇ ಬಲ್ಲವಳು. ಜೊತೆಯ ಎಂಜಿನಿಯರ್ ವಿನ್‌ಫ್ರೀಡ್ ಮಾತ್ರ ಅವಳ ಉತ್ತರಗಳನ್ನು ಜಾತಕಫಲ ಎನ್ನುತ್ತಿದ್ದ.

1987ರ ವಸಂತದಲ್ಲಿ ಪಕ್ಕದ ಹಳ್ಳಿಯ ಪಾದ್ರಿ ಎಗೊನ್ ಬಂದರು. ಹನ್ನೊಂದು ವರ್ಷ ಕೇಕು ಮಾರಿ ಹಳ್ಳಿಯವರು ಎರಕ ಹೊಯ್ಯಿಸಿದ ಗಂಟೆ ಸಿದ್ಧವಾಗಿತ್ತು. ಮುನ್ನೂರು ವರ್ಷದ ಗೋಪುರ ತಾಳುತ್ತದೆಂದು ಯಾರಾದರೂ ಸಹಿ ಹಾಕದೆ ಈಸ್ಟರಿಗೆ ಅದನ್ನು ಬಾರಿಸುವಂತಿರಲಿಲ್ಲ. ತೂಗುವ ಗಂಟೆ ನಿಮಿಷಕ್ಕೆ 81 ಸಲ ಗೋಡೆಯನ್ನು ನೂಕುತ್ತದೆ. ಗೋಪುರದ ಸ್ವಂತ ಓಲಾಟವೂ ಅದೇ ತಾಳಕ್ಕೆ ಬಿದ್ದರೆ ಕಲ್ಲು ಕಳಚುತ್ತದೆ.

ಗೋಪುರದ ತಾಳ 97.316428 ಎಂದಿತು ವಿನ್‌ಫ್ರೀಡನ ಲೆಕ್ಕ. ಆದರೆ ಹಳೆಯ ಗೋಡೆಯೊಳಗೆ ಏನು ತುಂಬಿದೆಯೋ ಯಾರಿಗೂ ಗೊತ್ತಿಲ್ಲದ್ದರಿಂದ ಸಹಿಗೆ ಅವನ ಕೈ ಏಳಲಿಲ್ಲ. ಗುಡ್ರುನ್‌ಳ ತಂತ್ರಾಂಶ ಓಡುವ ಗಣಕಯಂತ್ರ 60ರಿಂದ 130 ಎಂದಿತು. ಅಪಾಯದ 81 ಅದರ ಹೊಟ್ಟೆಯೊಳಗೇ ಇತ್ತು.

“ನಿಮ್ಮ ಯಂತ್ರ ಯಾವತ್ತೂ ಸುಳ್ಳು ಹೇಳಲ್ಲ ಬಿಡಿ, ಫ್ರೌ ರಾಪ್,” ಎಂದ ವಿನ್‌ಫ್ರೀಡ್. “ನಮ್ಮಜ್ಜೀನೂ ಹಾಗೇ. ನಾಳೆ ಮಳೆ ಬರುತ್ತೆ, ಇಲ್ಲಾಂದ್ರೆ ಬರಲ್ಲ ಅಂತಿದ್ರು.”

ಮಹಾರಥಿ ಗುಡ್ರುನ್ ಪೆನ್ಸಿಲ್ ಝಳಪಿಸಿ ಸೂತ್ರದ ಮೇಲೆ ಬಿದ್ದಳು. ಮೂರನೆಯ ದಿನ ಶತ್ರು ಸೆರೆಸಿಕ್ಕ. ಸೂತ್ರದಲ್ಲಿ ಗೋಪುರದ ತೂಕ ಎರಡು ಕಡೆ ಬಂದಿತ್ತು. ಮೊದಲೇ ಅಂದಾಜಿನ ತೂಕ. ಯಂತ್ರವೋ ಅದನ್ನು ಒಂದು ಕಡೆ ಅತಿ ಹಗುರ, ಇನ್ನೊಂದು ಕಡೆ ಅತಿ ಭಾರ ಎಂದು ಹಿಡಿದು, ನಡುವೆ ಗೋಪುರ ಹೋಗಿ ಗಡದ್ದಾಗಿ ಊಟ ಮಾಡಿ ಬಂದಿತೆಂಬಂತೆ ಲೆಕ್ಕ ಹಾಕಿತ್ತು. ಅವಳು ಸೂತ್ರವನ್ನು ಬಿಡಿಸಿ, ತೂಕ ಒಂದೇ ಕಡೆ ಬರುವಂತೆ ಮತ್ತೆ ಹೆಣೆದಳು. ಉತ್ತರ ಸೊಂಟ ಬಿಗಿದುಕೊಂಡಿತು: 90ರಿಂದ 106. ಎದೆಯುಬ್ಬಿಸಿ ಸಹಿ ಹಾಕಿದಳು.

“ಬಾರಿಸುವಾಗ ಕೆಳಗೆ ನಿಲ್ತೀಯೇನಮ್ಮ?” ಪಾದ್ರಿ ಮೆಲ್ಲಗೆ ಕೇಳಿದರು.

“ಕಾಫಿ ಕೊಟ್ರೆ ನಿಲ್ತೀನಿ, ಫಾದರ್.”

ಈಸ್ಟರಿನ ಬೆಳಗ್ಗೆ ಗಂಟೆ ಮೊಳಗಿತು. ಗೋಪುರದ ಬುಡದಲ್ಲಿ ಗುಡ್ರುನ್ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ಡು ಮೆಲ್ಲುತ್ತ ನಿಂತಿದ್ದಳು. ಕಪ್ಪಿನ ಕಾಫಿ ತುಳುಕಲಿಲ್ಲ. ಓಲಾಟ ಅಳೆಯುವ ಸಾಧನ ಹೊತ್ತು ಮೇಲಿದ್ದ ವಿನ್‌ಫ್ರೀಡ್ ನಿಧಾನವಾಗಿ ಮೆಟ್ಟಿಲಿಳಿದು ಬಂದ.

“ತೊಂಬತ್ಮೂರು,” ಎಂದ. “ನನ್ನ ಆರು ದಶಾಂಶಾನೂ ದಂಡ. ನಿಮ್ಮ ಬೇಲಿಯೊಳಗೇ ಸಿಕ್ತು, ಫ್ರೌ ರಾಪ್.”

ಅವಳು ಉದಾರಿಯಾಗಿ ಅರ್ಧ ಬ್ರೆಟ್ಸೆಲ್ ಮುರಿದು ಕೊಟ್ಟಳು. ಅರ್ಧವೆಂದರೆ, ಕಾಲಿಗಿಂತ ಕಡಿಮೆಯಿಲ್ಲ, ಮುಕ್ಕಾಲಿಗಿಂತ ಹೆಚ್ಚಿಲ್ಲ.