ಒಂದೇ ಸಲದ ಉಪಚಾರ

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನೆಂಟರ ಮನೆಗೆ ಹೊರಡುವ ಮುನ್ನ ನಮ್ಮಮ್ಮ ಕೊಡುತ್ತಿದ್ದ ಉಪದೇಶ ಒಂದೇ: ಏನು ಕೊಟ್ಟರೂ ಮೊದಲು ಬೇಡ ಅನ್ನಬೇಕು. ಆ ಮನೆಯವರಿಗೂ ಅವರಮ್ಮ ಅದನ್ನೇ ಕಲಿಸಿರುತ್ತಿದ್ದುದರಿಂದ ನಮ್ಮ ‘ಬೇಡ’ವನ್ನು ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡನೇ ಸಲ ಕೇಳುವರು. ನಾವು ಬಲವಂತಕ್ಕೆಂಬಂತೆ ಕೈ ಚಾಚುವೆವು. ಹೀಗೆ ಯಾರ ಮಾನವೂ ಹೋಗದೆ ಚಕ್ಕುಲಿ ನಮ್ಮ ಹೊಟ್ಟೆ ಸೇರುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಈ ಏರ್ಪಾಡು ಕೆಟ್ಟಿತು. ಇಲ್ಲಿ ಬೇಡ ಎಂದರೆ ಬೇಡ. ಮೊದಲ ವರ್ಷ ಆಫೀಸಿನಲ್ಲಿ ಸಂಕೋಚಪಟ್ಟುಕೊಂಡು ಎಷ್ಟು ಕೇಕು ಕಳೆದುಕೊಂಡೆನೋ ಲೆಕ್ಕವಿಲ್ಲ. ಆಮೇಲೆ ನಾನೂ ಇಲ್ಲಿನ ಪದ್ಧತಿ ಕಲಿತೆ. ಉಪಚಾರ ಹೇಳುವವರಿಗೆ ಇದರಲ್ಲಿ ಎಷ್ಟು ಅನುಕೂಲವಿದೆ ಎಂಬುದು ಗೊತ್ತಾದದ್ದು ತಡವಾಗಿ.

ಕಾರು ಕಂಪನಿಗಳು ಕುಸಿದು, ನಾವಿರುವ ಪ್ಲಿಮತ್ ಊರಿನ ಸುತ್ತಮುತ್ತ ಅವುಗಳಿಗೆ ಬಿಡಿಭಾಗ ಒದಗಿಸುವ ಆಫೀಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಕನ್ನಡ ಕ್ರೈಸ್ತರು ಇಲ್ಲಿ ಬೆರಳೆಣಿಕೆಯಷ್ಟು ಮಂದಿ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ: ಹಾಡು, ಪ್ರಾರ್ಥನೆ, ಆಮೇಲೆ ಪುಳಿಯೋಗರೆ. ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎನ್ನುತ್ತೇವೆ. ಬೇಸಿಗೆಯಲ್ಲಷ್ಟೇ ಮೈಸೂರಿನಿಂದ ಬಂದಿದ್ದ ಜಯಕುಮಾರ್ ಬ್ರದರ್ ಅವರ ಕೆಲಸ ಚಳಿಗಾಲದ ಹೊತ್ತಿಗೆ ಹೋಯಿತು. ನನ್ನ ಗಂಡನದು ಪಕ್ಕದೂರು ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಭದ್ರವಾದ ಕೆಲಸ. ಆ ವರ್ಷ ಸಂಬಳ ಏರಲಿಲ್ಲವೆಂದು ನಾವಿಬ್ಬರೂ ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದೆವು, ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಲೇ.

ಜನವರಿಯ ಪ್ರಾರ್ಥನೆ ನಮ್ಮ ಮನೆಯಲ್ಲಿ. ಅಂದಿನ ಬೈಬಲ್ ವಾಕ್ಯ ಓದಿದವಳೂ ನಾನೇ. ಪಶ್ಚಾತ್ತಾಪ ಪಡಿ ಎಂದು ನದಿಯ ದಡದಲ್ಲಿ ನಿಂತು ಗದರುತ್ತಿದ್ದ ಪ್ರವಾದಿಯ ಪ್ರಸಂಗ. ಹಾಗಾದರೆ ನಾವು ಮಾಡಬೇಕಾದದ್ದೇನು ಎಂದು ಜನ ಹೆದರಿ ಕೇಳುತ್ತಾರೆ. ಒಂಟೆಯ ಕೂದಲಿನ ಬಟ್ಟೆ ತೊಟ್ಟು ಕಾಡುಜೇನು ತಿಂದುಕೊಂಡಿದ್ದ ಮನುಷ್ಯ. ಉಪವಾಸ ಕೂರಿ, ಬೂದಿ ಬಳಿದುಕೊಳ್ಳಿ ಎನ್ನಬಹುದಿತ್ತು. ಅವನು ಹೇಳಿದ್ದು ಅಜ್ಜಿಯರು ಹೇಳುವಂಥ ಮಾತು. ಎರಡು ಅಂಗಿ ಇದ್ದರೆ ಒಂದನ್ನು ಇಲ್ಲದವನಿಗೆ ಕೊಡು ಎಂದ. ಸುಂಕದವರಿಗೆ ಹೆಚ್ಚಿಗೆ ಕೀಳಬೇಡಿ ಎಂದ, ಸಿಪಾಯಿಗಳಿಗೆ ಬರುವ ಸಂಬಳದಲ್ಲಿ ತೃಪ್ತಿಯಿಂದಿರಿ ಎಂದ. ಬೂದಿಯೇ ವಾಸಿಯಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅಂಗಿಯಾದರೆ ಇದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಬೀರು ತೆಗೆದು ನೋಡಬಹುದು. ಆದರೆ ಅವತ್ತು ಕಣ್ಣೊರೆಸಿಕೊಳ್ಳುತ್ತಲೇ ಓದಿದ್ದೆ. ಎಷ್ಟು ಚೆನ್ನಾಗಿ ಓದಿದಿರಿ ಎಂದು ಇಬ್ಬರು ಹೇಳಿಯೂ ಹೇಳಿದರು.

ಎಲ್ಲರೂ ಹೊರಟಾಗ ಕೋಟುಗಳ ಕ್ಲಾಸೆಟ್ ತೆರೆದು ಒಬ್ಬೊಬ್ಬರದೇ ತೆಗೆದುಕೊಡುತ್ತಿದ್ದೆ. ಜಯಕುಮಾರ್ ಬ್ರದರ್ ಮಾತ್ರ ತೆಳ್ಳನೆಯ ಸ್ವೆಟರಿನಲ್ಲೇ ಶೂ ಹಾಕಿಕೊಳ್ಳುತ್ತಿದ್ದರು. ಕೊಡುವುದೆಲ್ಲ ಮುಗಿದ ಮೇಲೂ ಕ್ಲಾಸೆಟ್ಟಿನಲ್ಲಿ ನನ್ನ ಗಂಡನ ಕೋಟುಗಳು ಒತ್ತಿಕೊಂಡು ನೇತಾಡುತ್ತಿದ್ದವು.

“ಕೋಟ್ ತಂದಿಲ್ವಾ ಬ್ರದರ್? ಇವರದ್ದೊಂದು ಹಾಕ್ಕೊಂಡು ಹೋಗಿ,” ಎಂದೆ.

“ಬೇಡ ಸಿಸ್ಟರ್, ಕಾರಲ್ಲಿದೆ.”

“ಸರಿ ಹಾಗಾದ್ರೆ.”

ಕೈಗೆ ಹತ್ತಿರವಿದ್ದುದು ಆ ವರ್ಷ ಕೊಂಡ ಉಣ್ಣೆಯ ಕೋಟು. ಕ್ಲಾಸೆಟ್ ಮುಚ್ಚುವಾಗ ನನ್ನ ಮನಸ್ಸು ಹಗುರವಾಗಿದ್ದು ನಿಜ, ಮುಚ್ಚಿಡುವುದಿಲ್ಲ. ಕಿಟಕಿಯಿಂದ ನೋಡಿದೆ. ಅವರು ಅದೇ ಸ್ವೆಟರಿನಲ್ಲಿ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದರು, ನಡುನಡುವೆ ನಿಲ್ಲಿಸಿ ಬೆರಳುಗಳನ್ನು ಬಾಯಿಗೆ ಹಿಡಿದು ಊದಿಕೊಳ್ಳುತ್ತಿದ್ದರು. ಕೋಟು ಕಾರಿನಲ್ಲಿದ್ದ ಯಾವ ಮನುಷ್ಯನೂ ಹಾಗೆ ಮಾಡುವುದಿಲ್ಲ. ಬಾಗಿಲು ತೆಗೆದು ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದರು. ನಾನು ಅಡುಗೆಮನೆಗೆ ಹೋಗಿ ಪುಳಿಯೋಗರೆ ಪಾತ್ರೆ ತೊಳೆದೆ.

ಮುಂದಿನ ತಿಂಗಳು ಅವರು ದೂರದ ಶಾಮ್‌ಬರ್ಗ್ ಎಂಬ ಊರಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿ ಹೊರಟುಹೋದರು. “ಪಾಪ, ಒಂದು ಕೋಟೂ ಇಲ್ದೆ ಓಡಾಡಿದ್ರು,” ಎಂದು ಗುಂಪಿನಲ್ಲಿ ಯಾರೋ ಅಂದಾಗ, “ನಾನು ಕೇಳ್ದೆ, ಅವರೇ ಬೇಡ ಅಂದ್ರು,” ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಒಂದಕ್ಷರವೂ ಸುಳ್ಳಿಲ್ಲದೆ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ನನಗೇ ಆಶ್ಚರ್ಯವಾಯಿತು.

ಅಲ್ಲಿಂದ ಒಂದು ವರ್ಷ ಪಶ್ಚಾತ್ತಾಪಪಟ್ಟೆ. ಪ್ರತಿ ಪ್ರಾರ್ಥನೆಯಲ್ಲೂ ಕಣ್ಣೀರು. ದೇವರಿಗೆ ಈ ವಿಷಯ ಬಾಯಿಪಾಠವಾಗಿರಬೇಕು. ಜಯಕುಮಾರ್ ಬ್ರದರಿಗೆ ಮಾತ್ರ ಒಂದು ಫೋನ್ ಮಾಡಿರಲಿಲ್ಲ. ಮರುವರ್ಷದ ಚಳಿಯಲ್ಲಿ ಕೊನೆಗೂ ಮಾಡಿದೆ.

“ಅವತ್ತು ಕೋಟ್ ಕಾರಲ್ಲಿ ಇರ್ಲಿಲ್ಲ ಅಲ್ವಾ ಬ್ರದರ್?”

ಅವರು ನಕ್ಕರು. “ಇರ್ಲಿಲ್ಲ ಸಿಸ್ಟರ್. ಸಂಕೋಚಕ್ಕೆ ಹಾಗಂದೆ. ಇನ್ನೊಂದ್ಸಲ ಕೇಳಿದ್ರೆ ಇಸ್ಕೊಂಡುಬಿಡ್ತಿದ್ದೆ.”

ನಾನು ಅಳತೊಡಗಿದೆ. ಅವರು ನಡುವೆಯೇ ಕೇಳಿದರು.

“ಅಲ್ಲಿ ಈಗ ಎಷ್ಟು ಡಿಗ್ರಿ?”

“ಒಂಬತ್ತು,” ಎಂದೆ. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ನೀರು ಕಲ್ಲಾಗುವ ಚಳಿ.

“ಗುಂಪಿಗೆ ಈ ವರ್ಷ ಹೊಸಬ್ರು ಯಾರಾದ್ರೂ ಬಂದಿದಾರಾ?”

ಬಂದಿದ್ದರು. ಗಂಡ, ಹೆಂಡತಿ, ಒಂದು ಕೂಸು. ನನ್ನ ಅಳುವಿನ ಗಲಾಟೆಯಲ್ಲಿ ನಾನು ಅವರ ಹೆಸರನ್ನೂ ಸರಿಯಾಗಿ ಕೇಳಿಕೊಂಡಿರಲಿಲ್ಲ.

“ಹಾಗಾದ್ರೆ ನನ್ ಹತ್ರ ಅಳ್ತಾ ಕೂತ್ಕೋಬೇಡಿ ಸಿಸ್ಟರ್. ಅವರ ಮನೆಗೆ ಹೋಗ್ಬನ್ನಿ.”

ಫೋನಿಟ್ಟೆ. ಅಳು ಅರ್ಧಕ್ಕೇ ನಿಂತುಹೋಗಿತ್ತು. ಅದಕ್ಕೆ ಕೊಂಚ ಬೇಸರವೂ ಆಯಿತು. ವರ್ಷವಿಡೀ ಅಷ್ಟು ಚೆನ್ನಾಗಿ ಅತ್ತಿದ್ದೆ, ಒಬ್ಬರ ಮೈಯೂ ಬೆಚ್ಚಗಾಗಿರಲಿಲ್ಲ.