ದೊಡ್ಡಮ್ಮನ ಹಾಡು ಓದದ ಸ್ಟೀರಿಯೊ

ನಮ್ಮೂರು ಬಾಡದಲ್ಲಿ ನಮ್ಮವರ ಯಾವ ಮದುವೆಯೂ ದೊಡ್ಡಮ್ಮನ ಹಾಡಿಲ್ಲದೆ ನಡೆದದ್ದಿಲ್ಲ. ಅಂಥವಳಿಗೆ ಸ್ವಂತ ಮಗನ ಮದುವೆಯ ಹೊತ್ತಿಗೇ ಗಂಟಲು ಕಟ್ಟಿ ದನಿ ಹೋಯಿತು. ಪುಣ್ಯಕ್ಕೆ ಅವಳ ಹಾಡುಗಳನ್ನು ನಾನು ಹಿಂದೊಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ದಿಬ್ಬಣದ ವ್ಯಾನು ಸೋದರಮಾವನದು. ಅದಕ್ಕೆ ಆಗಷ್ಟೇ ಮೆಮೊರಿ ಕಾರ್ಡ್ ಹಾಕುವ ಸ್ಟೀರಿಯೊ ಕೂರಿಸಿದ್ದ. ಹೆಣ್ಣಿನ ಮನೆ ಇದ್ದ ಭಟ್ಕಳದವರೆಗೂ ಹಾಡು ಕೇಳಿಸುತ್ತ ಹೋಗುವುದೆಂದಾಯಿತು.

ಕುಮಟಾ ದಾಟಿ ನನ್ನ ಮೊಬೈಲಿನ ಕಾರ್ಡ್ ತೆಗೆದು ಹಾಕಿದರೆ ಸ್ಟೀರಿಯೊ ‘ನೋ ಫೈಲ್’ ಎಂದು ತೋರಿಸಿತು. ಮಾವ ವ್ಯಾನು ನಿಲ್ಲಿಸಿ ಕಾರ್ಡನ್ನು ಊದಿದ, ಪಂಚೆಗೆ ಒರೆಸಿದ, ಮತ್ತೆ ತುರುಕಿದ. ಅದೇ ಉತ್ತರ.

“ತಂಡಿ ಹಿಡ್ದಿರ್ಬೇಕು, ಬೆಚ್ಚಗೆ ಮಾಡಿ ನೋಡಿ” ಎಂದಳು ಹಿಂದಿನ ಸೀಟಿನಲ್ಲಿದ್ದ ಅತ್ತೆ. ಮದುಮಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೊಟ್ಟೆಗೆ ಕಾವು ಕೊಡುವವನಂತೆ ಕರ್ಕಿಯವರೆಗೆ ಕೂತ. ಪ್ರಯೋಜನವಾಗಲಿಲ್ಲ.

ಹೊನ್ನಾವರದಲ್ಲಿ ಒಂದು ಮೊಬೈಲ್ ಅಂಗಡಿಗೆ ನುಗ್ಗಿದೆವು. ಅಂಗಡಿಯವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ದೊಡ್ಡಮ್ಮನ ದನಿ ರಸ್ತೆಯವರೆಗೂ ಕೇಳಿಸಿತು.

“ಕಾರ್ಡ್ ಸಮಾ ಇದೆ. ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು ಆ ಸ್ಟೀರಿಯೊಗೆ ತಿಳಿಯೂದಿಲ್ಲ. ಎಂಪಿ ತ್ರೀ ಮಾಡ್ಬೇಕು” ಎಂದ.

ದೊಡ್ಡಮ್ಮನಿಗೆ ಸಿಟ್ಟು ಬಂತು. “ತಿಳಿಯೂದಿಲ್ಲ ಅಂದ್ರೆ ಎಂತ? ಅದ್ಕೆ ಕನ್ನಡ ಬರೂದಿಲ್ವಾ?” ಎಂದು ಪಿಸುಗುಟ್ಟಿದಳು.

ಕಂಪ್ಯೂಟರು ಒಂದೊಂದೇ ಹಾಡನ್ನು ಬದಲಿಸುತ್ತ ಕೂತಿತು. ಸೆಕೆ ತಾಳಲಾರದೆ ಮದುಮಗ ಬಾಸಿಂಗ ಸಮೇತ ವ್ಯಾನಿನಿಂದ ಇಳಿದು ಅಂಗಡಿಯ ಫ್ಯಾನಿನ ಕೆಳಗೆ ನಿಂತ. ದಾರಿಹೋಕನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿ, “ಮೊಬೈಲ್ ತಕಂಬೂಕೆ ಇವತ್ತೇ ಬೇಕಿತ್ತಾ ಮಾರಾಯಾ?” ಎಂದು ಕೇಳಿ ಹೋದ.

ಅಂತೂ “ಆತು” ಎಂದ ಅಂಗಡಿಯವ. ಅಲ್ಲಿಂದ ಭಟ್ಕಳಕ್ಕೆ ಓಡಿಸಿದೆವು. ತಡವಾದ ಗಾಬರಿಯಲ್ಲಿ ಹಾಡಿನ ನೆನಪು ಯಾರಿಗೂ ಇರಲಿಲ್ಲ. ಚಪ್ಪರದ ಎದುರು ವ್ಯಾನು ನಿಲ್ಲಿಸಿದ ಮೇಲೆ ಮಾವ ಕಾರ್ಡ್ ಹಾಕಿದ. ಸ್ಟೀರಿಯೊ ಓದಿತು. ಆದರೆ ಹಾಡುಗಳ ಸರತಿ ತಿರುವುಮುರುವಾಗಿತ್ತು. ದಿಬ್ಬಣವನ್ನು ಎದುರುಗೊಳ್ಳುವ ಹಾಡಿನ ಬದಲು, ಹೆಣ್ಣನ್ನು ಒಪ್ಪಿಸಿ ಕಳಿಸುವಾಗ ತಾಯಿ ಅಳುವ ಹಾಡು ಶುರುವಾಯಿತು.

ಆರತಿ ಹಿಡಿದು ನಿಂತಿದ್ದ ಹುಡುಗಿಯ ತಾಯಿ ಬಿಕ್ಕಿದಳು. ಪಕ್ಕದ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ನಿಲ್ಲಿಸಲು ಯಾವುದೋ ಗುಂಡಿ ಒತ್ತಿದ. ಸದ್ದು ಇನ್ನೂ ಜೋರಾಯಿತು.

“ಇನ್ನೂ ಮದ್ವೆನೇ ಆಗ್ಲಿಲ್ಲ ಮಾರಾಯ್ರೆ! ಮೊದ್ಲು ಪಾನಕ ಕುಡೀರಿ” ಎಂದು ಹುಡುಗಿಯ ತಂದೆ ಅಂಗಲಾಚಿದರು.

ದೊಡ್ಡಮ್ಮ ಮಾತ್ರ ವ್ಯಾನಿನಿಂದ ಇಳಿಯಲಿಲ್ಲ. ಅಳುತ್ತಿರುವ ಜನರನ್ನು ಕಿಟಕಿಯಿಂದ ನೋಡುತ್ತ, “ಇರ್ಲಿ, ಪೂರ್ತಿ ಆಗ್ಲಿ” ಎಂದು ಕೈಸನ್ನೆ ಮಾಡಿದಳು.

ಊಟವಾಗಿ ನಿಜವಾಗಿಯೂ ಹೆಣ್ಣು ಒಪ್ಪಿಸುವ ಹೊತ್ತು ಬಂದಾಗ ಮಾವ ಅದೇ ಹಾಡು ಹಚ್ಚಲು ವ್ಯಾನಿನ ಕಡೆ ಹೆಜ್ಜೆ ಹಾಕಿದ. ಅದನ್ನು ಕಂಡು ಮೊದಲು ನಕ್ಕವಳು ಮದುಮಗಳು. ಆಮೇಲೆ ಅವಳ ತಾಯಿಗೂ ನಗು ತಡೆಯಲಾಗಲಿಲ್ಲ.