ನಾನು ಆಡಿದ ‘ಚೆಲ್ಲು’ ಎಂಬ ಮಾತು

ರೇಖಾ, ನಿನ್ನನ್ನು ‘ಚೆಲ್ಲು’ ಎಂದು ಮ್ಯಾನೇಜರ್ ಎದುರು ಹೇಳಿದವಳು ನಾನೇ. ಬೇರೆ ಯಾರೂ ಅಲ್ಲ – ನಿನ್ನ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿಯುತ್ತಿದ್ದ, ನೀನು ಬಾಯ್ತುಂಬ ಅಕ್ಕ ಎಂದು ಕರೆಯುತ್ತಿದ್ದ ಈ ಶಾರದಾ.

ಮಾಚೇನಹಳ್ಳಿಯ ಆ ಗಾರ್ಮೆಂಟ್ಸಿಗೆ ನಾನು ಭದ್ರಾವತಿಯಿಂದ, ನೀನು ಮಲವಗೊಪ್ಪದಿಂದ ಬರುತ್ತಿದ್ದೆವು. ನೀನು ಆಗಷ್ಟೇ ಮದುವೆಯಾದವಳು. ನಿನ್ನ ಗಂಡ ಅಲ್ಲೇ ಲೋಡಿಂಗ್ ಕೆಲಸದಲ್ಲಿದ್ದ. ಸೂಪರ್‌ವೈಸರ್ ಹೊಲಿಗೆ ನೋಡುವ ನೆಪದಲ್ಲಿ ಬಗ್ಗಿ ನಿನ್ನ ಸೊಂಟಕ್ಕೆ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ನೀನು ಬೆಚ್ಚಿ ಎದ್ದು ನಿಂತದ್ದನ್ನೂ ಕಂಡೆ.

ಮ್ಯಾನೇಜರ್ ರೂಮಿನಲ್ಲಿ ನೀನು, “ಇವ್ರು ನನ್ ಜೊತೆ ಅಸಭ್ಯವಾಗಿ ನಡ್ಕೊಂಡ್ರು ಸರ್. ಶಾರದಕ್ಕ ನೋಡಿದಾರೆ, ಕೇಳಿ” ಎಂದೆ. ‘ಅಸಭ್ಯ’ – ನಾವು ಮನೆಯಲ್ಲಿ ಆಡುವ ಮಾತಲ್ಲ ಅದು. ಅದನ್ನು ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆಯೋ... ಎಲ್ಲರೂ ನನ್ನತ್ತ ತಿರುಗಿದರು. ಸೂಪರ್‌ವೈಸರ್ ಕೂಡ. ನನಗೆ ಆ ಕೆಲಸ ಕೊಡಿಸಿದವನು ಅವನೇ.

“ನಾನೇನೂ ನೋಡಿಲ್ಲ ಸರ್” ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ, ಹೆದರಿದ್ದೆ ಎಂದಾದರೂ ಇವತ್ತು ಹೇಳಿಕೊಳ್ಳಬಹುದಿತ್ತು. ಆದರೆ ಯಾರೂ ಕೇಳದೆ ನಾನೇ ಸೇರಿಸಿದೆ: “ಅವ್ಳು ಮೊದ್ಲಿಂದ್ಲೂ ಸ್ವಲ್ಪ ಚೆಲ್ಲು.”

ನೀನು ನಗುತ್ತಿದ್ದೆ, ಎಲ್ಲರೊಡನೆ ಮಾತಾಡುತ್ತಿದ್ದೆ, ಮಿಷನ್ ಸದ್ದಿನ ನಡುವೆಯೂ ಹಾಡುತ್ತಿದ್ದೆ. ಅದನ್ನು ಕಂಡರೆ ನನಗೆ ಒಳಗೊಳಗೇ – ಹೌದು, ಹೊಟ್ಟೆಕಿಚ್ಚು. ‘ಚೆಲ್ಲು’ ಎಂದು ನಮ್ಮ ಕಡೆ ಯಾರೂ ಗಂಡಸಿಗೆ ಅನ್ನುವುದಿಲ್ಲ. ಕೈ ಹಾಕಿದವನಿಗೆ ಅಸಭ್ಯ ಎಂಬ ಮಾತು ಅಂಟಲೇ ಇಲ್ಲ. ನಕ್ಕವಳಿಗೆ ಇದು ಅಂಟಿತು. ಒಂದು ಹೆಣ್ಣಿಗೆ ಆ ಮಾತು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು ರೇಖಾ. ಗೊತ್ತಿದ್ದೇ ಆಡಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅದು ನಿನ್ನ ಗಂಡನ ಕಿವಿಗೆ ಬಿದ್ದಿತ್ತು. ನೀನು ಕೆಲಸ ಬಿಟ್ಟೆ. ನೀನು ಬಾಗಿಲಲ್ಲಿ ನಿಂತರೂ, ಹಾಲಿನವನ ಹತ್ತಿರ ಎರಡು ಮಾತಾಡಿದರೂ, ಅವನು ಅದೇ ಮಾತು ತೆಗೆದು ಹೊಡೆಯುತ್ತಾನೆಂದು ಆಮೇಲೆ ಯಾರೋ ಹೇಳಿದರು. ಕೇಳಿಯೂ ವರ್ಷಗಟ್ಟಲೆ ಸುಮ್ಮನಿದ್ದೆ.

ಹೋದ ವಾರ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ನಿನ್ನ ಮಗಳು ಏನನ್ನೋ ನೋಡಿ ಜೋರಾಗಿ ನಕ್ಕಳು. ನೀನು ತಟ್ಟನೆ ಅವಳ ಬಾಯಿ ಮುಚ್ಚಿದೆ. ನನಗೆ ತಡೆಯಲಾಗಲಿಲ್ಲ – ಅಲ್ಲೇ, ಜನರ ನಡುವೆ, ಕಣ್ಣಾರೆ ಕಂಡೂ ಸುಳ್ಳು ಹೇಳಿದೆನೆಂದು ಅಳುತ್ತಾ ಒಪ್ಪಿಕೊಂಡೆ. ನೀನು ಅಳಲಿಲ್ಲ.

“ನಂಗ್ಯಾಕ್ ಹೇಳ್ತೀಯ ಮಾರಾಯ್ತಿ? ನಾನು ಎಂಥೋಳು ಅಂತ ನಂಗೊತ್ತಿಲ್ವಾ? ನಮ್ಮನೆಯವ್ರಿಗೆ ಹೇಳು.”

ನಿನ್ನೆ ನಿಮ್ಮ ಮನೆಗೆ ಬಂದು ಹೇಳಿದೆ. ನಿನ್ನ ಗಂಡ ಗೋಡೆ ನೋಡುತ್ತಾ ಕೇಳಿಸಿಕೊಂಡ. ಕೊನೆಗೆ, “ಇಬ್ರೂ ಸೇರ್ಕೊಂಡು ನಾಟ್ಕ ಆಡ್ತಿದೀರಾ?” ಎಂದ. ಅವತ್ತಿನ ನನ್ನ ಸುಳ್ಳನ್ನು ಒಂದು ಪ್ರಶ್ನೆಯೂ ಕೇಳದೆ ನಂಬಿದ್ದವನು! ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ಹೊರಟ ಮೇಲೆ ಒಳಗೆ ಏನಾಯಿತೋ – ಯೋಚಿಸಲೂ ಆಗುತ್ತಿಲ್ಲ.

ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಆವತ್ತು ಆ ರೂಮಿನಲ್ಲಿದ್ದವರನ್ನು, ನಿನ್ನ ಗಂಡನ ಜೊತೆ ಲೋಡಿಂಗಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೇಳುತ್ತೇನೆ. ನಂಬಲಿ, ಬಿಡಲಿ. ನಾಳೆ ಬೆಳಿಗ್ಗೆ ಮೊದಲು ಆ ಮ್ಯಾನೇಜರ್ ಮನೆಗೆ ಹೋಗುತ್ತೇನೆ.